‘ರಿಸೆಟ್ ಮಾಡಿ, ಸರಿ ಹೋಗುತ್ತೆ’ ಎನ್ನುವವರಿಗೆ

ಅಪ್‌ಡೇಟ್ ಕೆಟ್ಟು ನಿಂತ ಫೋನು, ಕಂಪ್ಯೂಟರುಗಳಿಗೆ ಪರಿಹಾರ ಹೇಳುವ ಎಲ್ಲರಿಗೆ: ಕಸ್ಟಮರ್ ಕೇರ್‌ನಲ್ಲಿ ಕರೆ ತೆಗೆದುಕೊಳ್ಳುವವರಿಗೆ, ಅವರು ಓದಿ ಹೇಳುವ ಉತ್ತರಗಳನ್ನು ಬರೆದಿಟ್ಟವರಿಗೆ, ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಕೂತವರಿಗೆ, ವಿಡಿಯೊ ಮಾಡಿ ದಾರಿ ತೋರಿಸುವವರಿಗೆ,



ಸಾಗರದ ಬಸ್ ನಿಲ್ದಾಣದಿಂದ ನಾಲ್ಕು ಹೆಜ್ಜೆ ಆಚೆ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ. ಲಗ್ನಪತ್ರಿಕೆ, ಪಹಣಿ ಪ್ರಿಂಟು, ಅರ್ಜಿ ತುಂಬಿಕೊಡುವುದು ನನ್ನ ಕೆಲಸ. ಮೊಬೈಲ್ ರಿಪೇರಿ ನನ್ನ ಕಸುಬಲ್ಲ. ಆದರೂ ಹಳ್ಳಿಯಿಂದ ಬಸ್ಸಿಳಿದವರು ಫೋನು ಕೈಲಿ ಹಿಡಿದು ಮೊದಲು ಬರುವುದು ನನ್ನಲ್ಲಿಗೇ. ಕಂಪ್ಯೂಟರಿನ ಮುಂದೆ ಕೂತವನಿಗೆ ಇದೂ ಗೊತ್ತಿರುತ್ತದೆ ಎಂಬ ನಂಬಿಕೆ. ಹಾಗಾಗಿ ನಿಮಗೆ ಕರೆ ಮಾಡಿ, ನೀವು ಹೇಳಿದ್ದನ್ನು ಕೇಳಿಸಿಕೊಂಡು, ಹೇಳಿದಂತೆ ಬಟನ್ ಒತ್ತುವ ಕೆಲಸ ಎಷ್ಟೋ ಸಲ ನನ್ನ ಪಾಲಿಗೆ ಬಂದಿದೆ. ಈ ಪತ್ರ ಬರೆಯುತ್ತಿರುವುದು ಹಾಗೆ ಒತ್ತಿದ ಒಂದು ಬಟನ್ನಿನ ಕಾರಣಕ್ಕೆ.

ಕಳೆದ ಮಳೆಗಾಲದಲ್ಲಿ, ಜುಲೈ ತಿಂಗಳ ಒಂದು ಸೋಮವಾರ, ಆಶಾ ಕಾರ್ಯಕರ್ತೆಯೊಬ್ಬರು ಅಂಗಡಿಗೆ ಬಂದರು. ಕೊಡೆಯಿಂದ ನೀರು ಸುರಿಯುತ್ತಿತ್ತು, ಫೋನು ಮಾತ್ರ ಎರಡು ಪ್ಲಾಸ್ಟಿಕ್ ಕವರಿನೊಳಗೆ ಒಣಗಿತ್ತು. “ರಾತ್ರಿ ಚಾರ್ಜಿಗೆ ಹಾಕಿ ಮಲಗಿದ್ದೆ ಅಣ್ಣ. ಅಪ್‌ಡೇಟ್ ಅಂತ ಬಂದಿತ್ತು, ಸರಿ ಅಂದಿದ್ದೆ. ಬೆಳಿಗ್ಗೆ ಎದ್ದು ನೋಡಿದ್ರೆ ಕಂಪನಿ ಹೆಸರು ಬರುತ್ತೆ, ಹೋಗುತ್ತೆ, ಮತ್ತೆ ಬರುತ್ತೆ. ಅಷ್ಟೇ,” ಅಂದರು. ಬಹಳ ಹಳೆಯ ಫೋನೇನಲ್ಲ. ಕಡಿಮೆ ಬೆಲೆಯದು, ಕಂತಿನಲ್ಲಿ ಕೊಂಡದ್ದು.

ನನ್ನ ಫೋನಿನಿಂದ ಕಂಪನಿಯ ಕಸ್ಟಮರ್ ಕೇರ್‌ಗೆ ಕರೆ ಮಾಡಿದೆವು. ಸಂಗೀತ ಕೇಳುತ್ತ ಬಹಳ ಹೊತ್ತು ಕಾದ ಮೇಲೆ ಒಬ್ಬ ಹುಡುಗ ಸಿಕ್ಕ. ಕನ್ನಡದಲ್ಲೇ, ಬಹಳ ವಿನಯದಿಂದ ಮಾತಾಡಿದ. ಚಾರ್ಜ್ ಇದೆಯೇ ಎಂದು ಕೇಳಿದ, ಆಫ್ ಮಾಡಿ ಆನ್ ಮಾಡಿ ಅಂದ. ಆಮೇಲೆ ಸ್ಟೋರೇಜ್ ಖಾಲಿ ಮಾಡಿ, ವೈಫೈಗೆ ಕನೆಕ್ಟ್ ಮಾಡಿ ಮತ್ತೊಮ್ಮೆ ಅಪ್‌ಡೇಟ್ ಹಾಕಿ ಅಂದ. ಫೋನು ತೆರೆಯುತ್ತಲೇ ಇಲ್ಲ ಎಂದು ಆಕೆ ಅದಾಗಲೇ ಎರಡು ಸಲ ಹೇಳಿದ್ದರು. ತೆರೆಯದ ಫೋನಿನ ಸ್ಟೋರೇಜನ್ನು ಖಾಲಿ ಮಾಡುವುದು ಹೇಗೆ? ಮೂರನೆಯ ಸಲ ಹೇಳಿದಾಗ ಆತ ಅಂದದ್ದು ಇಷ್ಟು: “ಹಾಗಿದ್ರೆ ಫ್ಯಾಕ್ಟರಿ ರಿಸೆಟ್ ಮಾಡಿ ಮೇಡಂ, ಸರಿ ಹೋಗುತ್ತೆ.”

ಆ ಪರದೆ ನನ್ನ ಕಣ್ಣಿಗೆ ಕಟ್ಟಿದಂತಿದೆ. ವಾಲ್ಯೂಮ್ ಬಟನ್ನೂ ಪವರ್ ಬಟನ್ನೂ ಒಟ್ಟಿಗೆ ಒತ್ತಿ ಹಿಡಿದರೆ ಕಪ್ಪು ಪರದೆಯ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರದ ಸಾಲುಗಳು ಬರುತ್ತವೆ. ಅಲ್ಲಿ ಬೆರಳು ಮುಟ್ಟಿದರೆ ಕೆಲಸ ಆಗುವುದಿಲ್ಲ. ವಾಲ್ಯೂಮ್ ಬಟನ್ನಿನಿಂದ ಒಂದೊಂದೇ ಸಾಲು ಕೆಳಗಿಳಿಯಬೇಕು, ಪವರ್ ಬಟನ್ನಿನಿಂದ ಆರಿಸಬೇಕು. ‘ವೈಪ್ ಡೇಟಾ, ಫ್ಯಾಕ್ಟರಿ ರಿಸೆಟ್’ ಎಂಬ ಸಾಲು. ಅದಕ್ಕೆ ಅಂಟಿಕೊಂಡೇ ‘ವೈಪ್ ಕ್ಯಾಶ್’ ಎಂಬ ಇನ್ನೊಂದು ಸಾಲು. ಕೆಳಗಿನದನ್ನು ಆರಿಸಿದರೆ ತಾತ್ಕಾಲಿಕ ಕಡತಗಳಷ್ಟೇ ಹೋಗುತ್ತವೆ, ಫೋಟೊ ಹೋಗುವುದಿಲ್ಲ. ಮೇಲಿನದನ್ನು ಆರಿಸಿದರೆ ಎಲ್ಲವೂ ಹೋಗುತ್ತದೆ. ಇನ್ನೂ ಕೆಳಗೆ ‘ವ್ಯೂ ರಿಕವರಿ ಲಾಗ್ಸ್’ ಎಂಬುದೊಂದಿದೆ. ಅಪ್‌ಡೇಟ್ ಎಲ್ಲಿ ಎಡವಿತು ಎಂಬುದರ ಸುಳಿವು ಎಷ್ಟೋ ಸಲ ಅಲ್ಲೇ ಬರೆದಿರುತ್ತದೆ. ಅದನ್ನು ತೆರೆದು ಓದಿ ಹೇಳಿ ಎಂದು ನಿಮ್ಮಲ್ಲಿ ಒಬ್ಬರೂ ಇಂದಿನವರೆಗೆ ನನ್ನನ್ನು ಕೇಳಿಲ್ಲ.

“ಬ್ಯಾಕಪ್ ಇದೆಯಾ ಅಕ್ಕ?” ಎಂದು ನಾನು ಕೇಳಿದೆ. “ಎಲ್ಲ ಜಿಮೇಲಲ್ಲಿ ಇರುತ್ತೆ ಅಂತ ಫೋನ್ ಕೊಟ್ಟ ಅಂಗಡಿ ಹುಡುಗ ಹೇಳಿದ್ದ,” ಅಂದರು. ಕರೆಯ ಆ ಕಡೆಯವರು ಆ ಪ್ರಶ್ನೆಯನ್ನೇ ಕೇಳಲಿಲ್ಲ. ನಾನು ಮೇಲಿನ ಸಾಲಿಗೆ ಹೋಗಿ ಪವರ್ ಬಟನ್ ಒತ್ತಿದೆ. ಖಚಿತವೇ ಎಂದು ಕೇಳಿತು, ಹೌದು ಅಂದೆ. ‘ಡೇಟಾ ವೈಪ್ ಕಂಪ್ಲೀಟ್’ ಎಂಬ ಸಾಲು ಬರಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಫೋನು ಮತ್ತೆ ಹೊರಟಿತು. ಕಂಪನಿಯ ಹೆಸರು ಬಂತು, ಹೋಯಿತು, ಮತ್ತೆ ಬಂತು.

ಎಲ್ಲ ಅಳಿಸಿಯೂ ಫೋನು ಏಳಲಿಲ್ಲ. ನಾನು ನಿಮ್ಮೆದುರು ಇಡಬೇಕೆಂದಿರುವ ಮಾತಿನ ತಿರುಳು ಇಷ್ಟೇ.

ಅಂಗಡಿಯ ಎದುರು ಸಾಲಿನಲ್ಲಿ ರಿಪೇರಿ ಮಾಡುವ ಹುಡುಗನೊಬ್ಬನಿದ್ದಾನೆ, ನಿಜವಾಗಿ ಕೆಲಸ ಬಲ್ಲವನು. ಅವನು ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿ ನೋಡಿ, “ಸಿಸ್ಟಮ್ಮೇ ಅರ್ಧ ಬರೆದು ನಿಂತಿದೆ ಸರ್. ಸಾಫ್ಟ್‌ವೇರ್ ಹಾಕಿದ್ರೆ ಆಯ್ತು. ಡೇಟಾ ಯಾಕೆ ಅಳಿಸಿದ್ರಿ?” ಅಂದ. ಇಪ್ಪತ್ತು ನಿಮಿಷದಲ್ಲಿ ಫೋನು ಎದ್ದಿತು. ಮೊದಲೇ ತಂದಿದ್ದರೆ ಫೋಟೊ, ಪಟ್ಟಿಗಳು ಬಹುಶಃ ಉಳಿಯುತ್ತಿದ್ದವು ಎಂದೂ ಹೇಳಿದ. ಅಕ್ಕ ಏನೂ ಮಾತಾಡಲಿಲ್ಲ.

ಇದರ ಒಳಗಿನ ವ್ಯವಸ್ಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು. ಫೋನಿನ ಸಂಗ್ರಹದಲ್ಲಿ ಆಂಡ್ರಾಯ್ಡ್ ಕೂರುವ ಜಾಗ ಬೇರೆ, ಬಳಕೆದಾರರ ಫೋಟೊ, ಸಂದೇಶ, ಆ್ಯಪ್‌ಗಳ ಮಾಹಿತಿ ಕೂರುವ ಜಾಗ ಬೇರೆ. ಅಪ್‌ಡೇಟ್ ಬರೆಯುವುದು ಮೊದಲನೆಯ ಜಾಗದಲ್ಲಿ. ಫ್ಯಾಕ್ಟರಿ ರಿಸೆಟ್ ಅಳಿಸುವುದು ಎರಡನೆಯ ಜಾಗವನ್ನು. ಹೊಸ ಆವೃತ್ತಿಗೂ ಹಳೆಯ ಮಾಹಿತಿಗೂ ಹೊಂದಾಣಿಕೆಯಾಗದೆ ಫೋನು ನಿಂತಿದ್ದರೆ ರಿಸೆಟ್ ಕೆಲಸ ಮಾಡೀತು. ಆಂಡ್ರಾಯ್ಡೇ ಅರ್ಧಕ್ಕೆ ನಿಂತಿದ್ದರೆ ರಿಸೆಟ್ ಅದರ ಹತ್ತಿರಕ್ಕೂ ಹೋಗುವುದಿಲ್ಲ. ತೋಟದ ಪಂಪ್‌ಸೆಟ್ ಸುಟ್ಟಿದೆ ಎಂದವನಿಗೆ ಅಡಿಕೆ ಮರ ಕಡಿಯಲು ಹೇಳಿದಂತೆ ಇದು. ಈ ಎರಡರಲ್ಲಿ ಯಾವುದು ಎಂದು ತಿಳಿಯುವ ಮೊದಲೇ ಅಳಿಸಲು ಹೇಳುವುದು ಯಾವ ನ್ಯಾಯ?

ಅಳಿಸಿದ್ದು ಮರಳುವುದೂ ಇಲ್ಲ. ಹಿಂದಿನ ಕಾಲದ ಮೆಮೊರಿ ಕಾರ್ಡಿನಿಂದ ಫೋಟೊ ಎತ್ತಿಕೊಟ್ಟವರನ್ನು ನೋಡಿ ಜನ ಈಗಲೂ ಆಸೆ ಇಟ್ಟುಕೊಳ್ಳುತ್ತಾರೆ. ಆಂಡ್ರಾಯ್ಡ್ 10ರೊಂದಿಗೆ, ಅಂದರೆ 2019ರಿಂದೀಚೆಗೆ ಬಂದ ಫೋನುಗಳಲ್ಲಿ ಒಳಗಿನ ಮಾಹಿತಿಯನ್ನು ಗೂಢಲಿಪಿಯಲ್ಲಿ ಇಡುವುದು ಕಡ್ಡಾಯ. ರಿಸೆಟ್ ಮಾಡಿದಾಗ ಅದರ ಕೀಲಿಯೇ ನಾಶವಾಗುತ್ತದೆ. ಕೀಲಿ ಹೋದ ಮೇಲೆ ಎಷ್ಟು ದೊಡ್ಡ ಡೇಟಾ ರಿಕವರಿ ಅಂಗಡಿಗೆ ಹೋದರೂ ಸಿಗುವುದು ಅರ್ಥವಿಲ್ಲದ ಬಿಟ್ಟುಗಳು. ಕಳ್ಳರ ಕೈಗೆ ಮಾಹಿತಿ ಸಿಗದಿರಲಿ ಎಂದು ಮಾಡಿದ ಒಳ್ಳೆಯ ಏರ್ಪಾಡು ಅದು. ಆದರೆ ಅದೇ ಕಾರಣಕ್ಕೆ, ‘ರಿಸೆಟ್ ಮಾಡಿ’ ಎಂಬ ಎರಡು ಪದ ಹತ್ತು ವರ್ಷದ ಹಿಂದೆ ಇದ್ದದ್ದಕ್ಕಿಂತ ಈಗ ಬಹಳ ಭಾರದ ಪದಗಳು.

ಆ ಫೋನಿನಲ್ಲಿ ಇದ್ದದ್ದು ಏನು? ಸುಮಾರು ಸಾವಿರ ಜನಕ್ಕೆ ಒಬ್ಬ ಆಶಾ. ಆಕೆಯ ಪಾಲಿನ ಮನೆಗಳಲ್ಲಿ ಬಸುರಿಯರು ಯಾರು, ಯಾರಿಗೆ ಎಷ್ಟನೇ ತಿಂಗಳು, ಯಾವ ಮಗುವಿಗೆ ಯಾವ ಚುಚ್ಚುಮದ್ದು ಬಾಕಿ, ಇದೆಲ್ಲದರ ದಾಖಲೆ ಪುಸ್ತಕದಲ್ಲೂ ಇತ್ತು. ಆದರೆ ಕಾಡಿನ ದಾರಿಯಲ್ಲಿ ಮಳೆಯಲ್ಲಿ ಪುಸ್ತಕ ಬಿಚ್ಚಲಾಗದು ಎಂದು ಪ್ರತಿ ತಾಯಿ ಕಾರ್ಡಿನ ಫೋಟೊ ತೆಗೆದಿಟ್ಟಿದ್ದರು. ಹಿಂದಿನ ತಿಂಗಳ ಕೆಲವು ವಿವರಗಳನ್ನು ಪುಸ್ತಕಕ್ಕೆ ಇಳಿಸುವುದು ಬಾಕಿ ಇತ್ತು. ಅವಷ್ಟೂ ಹೋದವು. ಮುಂದಿನ ವಾರವಿಡೀ ಆಕೆ ಅದೇ ಮಳೆಯಲ್ಲಿ ಮನೆಮನೆಗೆ ಮತ್ತೆ ನಡೆದರು, ಹಳೆಯ ಕಾರ್ಡುಗಳನ್ನು ಮತ್ತೆ ಕೇಳಿದರು. “ಹೋದ ತಿಂಗಳು ಬರ್ಕೊಂಡು ಹೋಗಿದ್ರಲ್ಲ” ಎಂದು ಹಲವರು ಅಂದರಂತೆ.

ಇಷ್ಟಕ್ಕೇ ಮುಗಿಯಲಿಲ್ಲ. ಎದ್ದ ಫೋನು ಹಳೆಯ ಗೂಗಲ್ ಖಾತೆಯ ಪಾಸ್‌ವರ್ಡ್ ಕೇಳುತ್ತ ಕೂತಿತು. ಹೀಗೆ ಬಟನ್ ಒತ್ತಿ ರಿಸೆಟ್ ಮಾಡಿದ ಫೋನನ್ನು ಕದ್ದ ಫೋನಿನಂತೆ ಕಾಣುವ ಕಾವಲು 2015ರ ಆಂಡ್ರಾಯ್ಡ್ 5.1ರಿಂದಲೇ ಇದೆ. ನಮ್ಮ ಕಡೆ ಅದಕ್ಕೆ ‘ಜಿಮೇಲ್ ಲಾಕ್’ ಅನ್ನುತ್ತಾರೆ. ಹಳ್ಳಿಯವರ ಎಷ್ಟೋ ಜಿಮೇಲ್ ಖಾತೆಗಳನ್ನು ಮಾಡಿಕೊಟ್ಟದ್ದು ಫೋನ್ ಮಾರಿದ ಅಂಗಡಿಯ ಹುಡುಗರು. ಪಾಸ್‌ವರ್ಡ್ ಏನೆಂದು ಖಾತೆಯವರಿಗೇ ಗೊತ್ತಿರುವುದಿಲ್ಲ. ಮೂರನೆಯ ದಿನ ಹೇಗೋ ಒಳಗೆ ಹೋದೆವು. ಗೂಗಲ್ ಪುಕ್ಕಟೆಯಾಗಿ ಕೊಡುವ 15 ಜಿಬಿ ತುಂಬಿಹೋಗಿ, ಫೋಟೊಗಳ ಬ್ಯಾಕಪ್ ಹಿಂದಿನ ವರ್ಷವೇ ನಿಂತಿತ್ತು. ಆಮೇಲೆ ಯುಪಿಐ ಮತ್ತೆ ಶುರುಮಾಡಲು ಎಟಿಎಂ ಕಾರ್ಡ್ ಹುಡುಕಬೇಕಾಯಿತು, ಸಿಮ್‌ನಿಂದ ಸಂದೇಶ ಹೋಗಲು ಸಿಗ್ನಲ್ ಇರುವ ಗುಡ್ಡ ಹತ್ತಬೇಕಾಯಿತು. ‘ಸರಿ ಹೋಗುತ್ತೆ’ ಎಂದ ಹುಡುಗ ಇದರಲ್ಲಿ ಒಂದನ್ನೂ ಹೇಳಿರಲಿಲ್ಲ. ಅವನ ಮುಂದಿನ ಹಾಳೆಯಲ್ಲಿ ಅದು ಇರಲಿಲ್ಲ ಎಂದೇ ನನ್ನ ಊಹೆ.

ಒಂದು ಪದದ ಬಗ್ಗೆ ನಿಮ್ಮಲ್ಲಿ ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ನಮ್ಮ ಜನರ ಮಾತಿನಲ್ಲಿ ‘ಸೆಟ್ ಆಯ್ತು’ ಅಂದರೆ ಸರಿಯಾಯಿತು ಎಂದರ್ಥ. ಬೈಕು ಸೆಟ್ ಆಯ್ತು, ಕೆಲಸ ಸೆಟ್ ಆಯ್ತು, ಹುಡುಗಿ ಸೆಟ್ ಆಯ್ತು. ಹಾಗಿರುವಾಗ ‘ರಿಸೆಟ್’ ಎಂದರೆ ಮತ್ತೆ ಸರಿಮಾಡುವುದು ಎಂದೇ ಅವರಿಗೆ ಕೇಳಿಸುತ್ತದೆ. ಅಳಿಸುವುದು ಎಂಬ ಅರ್ಥ ಆ ಪದದಲ್ಲಿ ಅವರ ಕಿವಿಗೆ ಬೀಳುವುದೇ ಇಲ್ಲ. ‘ಫಾರ್ಮ್ಯಾಟ್’ ಎಂದು ನೋಡಿ, ಹೈಸ್ಕೂಲು ಮುಟ್ಟದ ಅಜ್ಜನೂ “ಫಾರ್ಮ್ಯಾಟ್ ಹೊಡೆದ್ರೆ ಎಲ್ಲ ಹೋಗುತ್ತಲ್ಲ ಮಾರಾಯ!” ಎಂದು ಕೈ ಹಿಡಿಯುತ್ತಾನೆ. ಕನ್ನಡದಲ್ಲಿ ಉತ್ತರ ಬರೆಯುವವರೇ, ಕನ್ನಡದಲ್ಲಿ ಕರೆ ತೆಗೆದುಕೊಳ್ಳುವವರೇ, ದಯವಿಟ್ಟು ಆ ಪದವನ್ನೇ ಬಳಸಿ. ಇಲ್ಲವೇ ಬಿಡಿಸಿ ಹೇಳಿ: ಇದನ್ನು ಮಾಡಿದರೆ ನಿಮ್ಮ ಫೋಟೊ, ವಾಟ್ಸಾಪ್, ಎಲ್ಲವೂ ಅಳಿಸಿಹೋಗುತ್ತದೆ, ಮತ್ತೆ ಬರುವುದಿಲ್ಲ. ಎಂಟು ಹತ್ತು ಪದ. ಉಸಿರು ಬಿಡುವಷ್ಟು ಹೊತ್ತು ಸಾಕು.

ಫೋನಿನಲ್ಲಿ ಮಾತ್ರ ಹೀಗೆ ಎಂದಲ್ಲ. 2024ರ ಜನವರಿ 9ರಂದು ವಿಂಡೋಸ್ 10ಕ್ಕೆ ಒಂದು ಭದ್ರತಾ ಅಪ್‌ಡೇಟ್ ಬಂತು. ಲೋಕದ ಎಷ್ಟೋ ಕಂಪ್ಯೂಟರುಗಳಲ್ಲಿ ಅದು ಕೂರಲೇ ಇಲ್ಲ, 80070643 ಎಂದು ಕೊನೆಯಾಗುವ ಒಂದು ದೋಷಸಂಖ್ಯೆ ತೋರಿಸಿ ನಿಂತಿತು. ನಿಜವಾದ ಕಾರಣ ಬಹಳ ಸರಳ. ಕಂಪ್ಯೂಟರು ಕೆಟ್ಟಾಗ ದುರಸ್ತಿಗೆಂದು ಹಾರ್ಡ್ ಡಿಸ್ಕಿನಲ್ಲಿ ಒಂದು ಸಣ್ಣ ಗುಪ್ತ ಭಾಗ ಇರುತ್ತದೆ. ಆ ಅಪ್‌ಡೇಟಿಗೆ ಅದರಲ್ಲಿ 250 ಎಂಬಿ ಖಾಲಿ ಜಾಗ ಬೇಕಿತ್ತು, ಹಲವರಲ್ಲಿ ಅಷ್ಟು ಇರಲಿಲ್ಲ. ಜಾಗ ಸಾಲದು ಎಂದು ತೋರಿಸಬೇಕಿದ್ದ ಕಡೆ ಬೇರೆಯದೇ ಸಂಖ್ಯೆ ಬರುತ್ತಿದೆ ಎಂದು ಮೈಕ್ರೋಸಾಫ್ಟೇ ಆಮೇಲೆ ಒಪ್ಪಿಕೊಂಡು, ಆ ಭಾಗವನ್ನು ಹಿಗ್ಗಿಸುವ ವಿಧಾನವನ್ನು ಬರೆದು ಕೊಟ್ಟಿತು. ಅಷ್ಟರಲ್ಲಿ ನಿಮ್ಮವರು ಹೇಳಿದ ಪರಿಹಾರಗಳನ್ನು ನಾನು ಕಿವಿಯಾರೆ ಕೇಳಿದ್ದೇನೆ. ಸಿ ಡ್ರೈವ್ ಖಾಲಿ ಮಾಡಿ ಅಂದರು. ಸಿ ಡ್ರೈವಿಗೂ ಆ ಗುಪ್ತ ಭಾಗಕ್ಕೂ ಸಂಬಂಧವಿಲ್ಲ, ನೂರು ಜಿಬಿ ಖಾಲಿ ಮಾಡಿದರೂ ಅಲ್ಲಿ ಒಂದು ಎಂಬಿ ಹೆಚ್ಚುವುದಿಲ್ಲ. ಎಸ್‌ಎಫ್‌ಸಿ ಸ್ಕ್ಯಾನ್ ಓಡಿಸಿ ಅಂದರು. ಅದು ವಿಂಡೋಸಿನ ಕಡತಗಳು ನೆಟ್ಟಗಿವೆಯೇ ಎಂದು ನೋಡುವ ಸಾಧನ, ಜಾಗ ಹಿಗ್ಗಿಸುವಂಥದ್ದಲ್ಲ. ಕೊನೆಗೆ, ಯಥಾಪ್ರಕಾರ, ವಿಂಡೋಸ್ ಹೊಸದಾಗಿ ಹಾಕಿಸಿಬಿಡಿ ಅಂದರು.

ಹಾಗೆ ಹಾಕಿಸಿದ ಪಕ್ಕದ ಊರಿನ ಡಿಟಿಪಿ ಗೆಳೆಯನೊಬ್ಬನ ಅವಸ್ಥೆ ಕಣ್ಣಾರೆ ಕಂಡೆ. ಕಡತಗಳನ್ನು ಪೆನ್‌ಡ್ರೈವಿಗೆ ತೆಗೆದಿಟ್ಟುಕೊಂಡಿದ್ದ, ಅದು ಅವನ ಪುಣ್ಯ. ಆದರೆ ನುಡಿ ತಂತ್ರಾಂಶವೂ ಅದರ ಫಾಂಟುಗಳೂ ಹೋಗಿದ್ದವು. ನಮ್ಮ ಹಳೆಯ ಕೆಲಸಗಳೆಲ್ಲ ಯೂನಿಕೋಡಿಗೆ ಮುಂಚಿನ ಪದ್ಧತಿಯವು. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತಲೆಕಟ್ಟು, ಒತ್ತು, ದೀರ್ಘಗಳನ್ನು ಕೂರಿಸಿರುತ್ತಾರೆ. ಫಾಂಟ್ ಇಲ್ಲದಿದ್ದರೆ ಕನ್ನಡವೇ ಕಾಣುವುದಿಲ್ಲ. ಅವನು ಒಂದು ಲಗ್ನಪತ್ರಿಕೆ ತೆರೆದ. ‘ಶ್ರೀ ಗಣೇಶಾಯ ನಮಃ’ ಇರಬೇಕಾದ ತಲೆಯ ಸಾಲಿನಲ್ಲಿ ಮೇಲೆ ಕೆಳಗೆ ಚುಕ್ಕಿ, ಗೀಟು, ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ. ವಧುವಿನ ತಂದೆ ಪಕ್ಕದಲ್ಲೇ ನಿಂತಿದ್ದರು. ಎರಡು ದಿನ ಅವನ ಅಂಗಡಿ ನಿಂತಿತು, ಲಗ್ನದ ಕಾಲದಲ್ಲಿ. ‘ಹೊಸದಾಗಿ ಹಾಕಿಸಿ’ ಎಂದು ಫೋನಿನಲ್ಲಿ ಹೇಳಿದವರಿಗೆ ಆ ಯಂತ್ರದಲ್ಲಿ ಏನು ಕೆಲಸ ನಡೆಯುತ್ತದೆ ಎಂಬುದು ಗೊತ್ತಿರಲಿಲ್ಲ. ಕೇಳಿರಲೂ ಇಲ್ಲ.

ಸರಿಯಾದ ಸಲಹೆ ಕೊಡುವುದು ಆಗದ ಮಾತೇ? ಖಂಡಿತ ಅಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ತಪ್ಪು ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಮಲಗಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟದ್ದು ನೆನಪಿರಬಹುದು. ಅಷ್ಟು ದೊಡ್ಡ ಅನಾಹುತದ ನಡುವೆಯೂ ಅದೇ ದಿನ ಹೊರಬಂದ ಪರಿಹಾರ ಹೇಗಿತ್ತು ನೋಡಿ: ಸೇಫ್ ಮೋಡಿಗೆ ಹೋಗಿ, ಇಂಥ ಫೋಲ್ಡರ್ ತೆರೆಯಿರಿ, ಹೆಸರಿನಲ್ಲಿ 291 ಎಂಬ ಅಂಕಿ ಇರುವ ಇಂಥ ಕಡತ ಅಳಿಸಿ, ಮತ್ತೆ ಆನ್ ಮಾಡಿ. ಯಾವ ಕಡತ, ಎಲ್ಲಿದೆ, ಏಕೆ ಎಂಬುದೆಲ್ಲ ಅದರಲ್ಲಿತ್ತು. ಒಂದೊಂದು ಯಂತ್ರದ ಮುಂದೆ ಕೂತು ಮಾಡಬೇಕಾದ ತ್ರಾಸದ ಕೆಲಸವೇ ಹೌದು. ಆದರೂ ಯಾರ ಒಂದು ಫೋಟೊವೂ ಅದರಿಂದ ಹೋಗಬೇಕಿರಲಿಲ್ಲ. ದೊಡ್ಡ ದೊಡ್ಡ ಸಂಸ್ಥೆಗಳು ಸಿಕ್ಕಿಬಿದ್ದಾಗ ಕಾರಣ ಹುಡುಕಿ ಹೇಳುವ ಶ್ರದ್ಧೆ, ಸಾಗರದ ಆಶಾ ಕಾರ್ಯಕರ್ತೆಗೂ ಸಲ್ಲಬೇಕು ಎಂದು ಕೇಳುವುದು ಅತಿಯಾಸೆಯೇ?

ಐಫೋನಿನ ವಿಷಯದಲ್ಲೂ ಒಂದು ಒಳ್ಳೆಯ ಏರ್ಪಾಡಿದೆ. ಅಪ್‌ಡೇಟ್ ಕೆಟ್ಟು ನಿಂತ ಐಫೋನನ್ನು ರಿಕವರಿ ಮೋಡಿನಲ್ಲಿ ಕಂಪ್ಯೂಟರಿಗೆ ಸಿಕ್ಕಿಸಿದರೆ ‘ಅಪ್‌ಡೇಟ್’, ‘ರಿಸ್ಟೋರ್’ ಎಂಬ ಎರಡು ಆಯ್ಕೆ ಬರುತ್ತವೆ. ಮೊದಲನೆಯದು ಮಾಹಿತಿಯನ್ನು ಉಳಿಸಿಕೊಂಡೇ ವ್ಯವಸ್ಥೆಯನ್ನು ಮತ್ತೆ ಹಾಕಲು ನೋಡುತ್ತದೆ, ಎರಡನೆಯದು ಅಳಿಸುತ್ತದೆ. ಮೊದಲನೆಯದನ್ನೇ ಮೊದಲು ಒತ್ತಿ ಎಂದು ಕಂಪನಿಯ ಸೂಚನೆಯಲ್ಲೇ ಇದೆ. ಡೌನ್‌ಲೋಡ್ 15 ನಿಮಿಷ ಮೀರಿದರೆ ಫೋನು ಆ ಸ್ಥಿತಿಯಿಂದ ಹೊರಬರುತ್ತದೆ, ಡೌನ್‌ಲೋಡ್ ಮುಗಿಯಲು ಬಿಟ್ಟು ಮತ್ತೆ ಮೊದಲಿಂದ ಮಾಡಬೇಕು ಎಂದೂ ಇದೆ. ನಮ್ಮ ಮಲೆನಾಡಿನ ನೆಟ್ಟಿನಲ್ಲಿ ಹಲವು ಜಿಬಿ 15 ನಿಮಿಷದಲ್ಲಿ ಇಳಿಯುವ ಮಾತೇ ಇಲ್ಲ. ಹಾಗಾಗಿ ಈ ಒಂದು ಸಾಲು ಗೊತ್ತಿಲ್ಲದವರು ಫೋನೇ ಸತ್ತಿತು ಎಂದುಕೊಂಡು ‘ರಿಸ್ಟೋರ್’ ಒತ್ತುತ್ತಾರೆ. ಸಲಹೆ ಹೇಳುವವರು ಕಂಪನಿಯೇ ಬರೆದಿಟ್ಟದ್ದನ್ನು ಒಮ್ಮೆ ಓದಿಕೊಂಡರೂ ಸಾಕು.

ಆಂಡ್ರಾಯ್ಡಿನಲ್ಲೂ 2016ರ 7ನೇ ಆವೃತ್ತಿಯಿಂದ ಒಂದು ಜಾಣ ಪದ್ಧತಿ ಇದೆ. ಕೆಲಸ ಮಾಡುತ್ತಿರುವ ಆಂಡ್ರಾಯ್ಡನ್ನು ಮುಟ್ಟದೆ ಹೊಸದನ್ನು ಪಕ್ಕದ ಖಾಲಿ ಜಾಗದಲ್ಲಿ ಬರೆದು, ಅದು ಏಳದಿದ್ದರೆ ಹಳೆಯದಕ್ಕೇ ಮರಳುವುದು. ಅಕ್ಕನ ಫೋನಿನಲ್ಲಿ ಅದು ಇರಲಿಲ್ಲ. ಆ ಖರ್ಚನ್ನು ಕಡಿಮೆ ಬೆಲೆಯ ಫೋನಿನಲ್ಲೇ ಉಳಿಸಿದ್ದು ನಿಮ್ಮ ತಪ್ಪಲ್ಲ ಎಂದು ನನಗೆ ಗೊತ್ತು. ಆದರೆ ಯಾವ ಫೋನಿನಲ್ಲಿ ಆ ಆಸರೆ ಇದೆ, ಯಾವುದರಲ್ಲಿ ಇಲ್ಲ ಎಂಬುದು ನಿಮ್ಮ ಕಂಪನಿಗೆ ತಿಳಿದೇ ಇರುತ್ತದೆ. ಇಲ್ಲದ ಫೋನಿನವರಿಗೆ ನೀವೇ ಆಸರೆ.

ಕರೆ ತೆಗೆದುಕೊಳ್ಳುವ ಮಕ್ಕಳೇ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮಲ್ಲಿ ಹಲವರು ನಮ್ಮ ಊರಿನವರೇ, ನನ್ನ ಅಂಗಡಿಯಲ್ಲೇ ಅರ್ಜಿ ತುಂಬಿಸಿಕೊಂಡು ಬೆಂಗಳೂರಿಗೆ ಹೋದವರು. ಒಂದು ಕರೆಗೆ ಇಷ್ಟೇ ನಿಮಿಷ ಎಂಬ ಗಡಿಯಾರ ನಿಮ್ಮ ತಲೆಯ ಮೇಲಿದೆ, ಪರದೆಯ ಮೇಲಿನ ಸಾಲು ಬಿಟ್ಟು ಮಾತಾಡಿದರೆ ಮೇಲಿನವರು ಕೇಳುತ್ತಾರೆ. ಹಬ್ಬಕ್ಕೆ ಊರಿಗೆ ಬಂದಾಗ ನೀವೇ ಹೇಳಿದ್ದೀರಿ. ನನ್ನ ಸಿಟ್ಟೆಲ್ಲ ಆ ಸಾಲುಗಳನ್ನು ಬರೆದವರ ಮೇಲೆ. ಅವರು ಮೊದಲ ಸಾಲಿನಲ್ಲಿ ‘ಫೋನು ತೆರೆಯುತ್ತಿದೆಯೇ?’ ಎಂದು ಬರೆಯಬೇಕಿತ್ತು. ‘ಪರದೆಯ ಮೇಲೆ ಏನು ಕಾಣುತ್ತಿದೆ, ಓದಿ ಹೇಳಿ’ ಎಂದು ಬರೆಯಬೇಕಿತ್ತು. ಅಳಿಸುವ ಸಾಲಿಗೆ ಮುಂಚೆ ‘ಸರ್ವಿಸ್ ಸೆಂಟರಿನಲ್ಲಿ ಡೇಟಾ ಉಳಿಸಿಕೊಂಡು ಸಾಫ್ಟ್‌ವೇರ್ ಹಾಕಲು ಬರುತ್ತದೆಯೇ ವಿಚಾರಿಸಿ’ ಎಂದು ಬರೆಯಬೇಕಿತ್ತು. ಸ್ಯಾಮ್‌ಸಂಗ್ ಫೋನುಗಳಿಗೆ ಸಾಫ್ಟ್‌ವೇರ್ ಹಾಕುವಾಗ ಅಳಿಸುವ ಕಡತ ಬೇರೆ, ಉಳಿಸುವ ಕಡತ ಬೇರೆ ಇರುತ್ತದೆ ಎಂದು ಎದುರಂಗಡಿಯ ಹುಡುಗ ತೋರಿಸಿಕೊಟ್ಟ. (ಅಕ್ಕನ ಫೋನು ಆ ಕಂಪನಿಯದಲ್ಲ.) ಹತ್ತನೇ ತರಗತಿ ಮುಗಿಸಿ ಕೆಲಸಕ್ಕೆ ಸೇರಿದ ಹುಡುಗನಿಗೆ ಗೊತ್ತಿರುವುದನ್ನು ಕಂಪನಿಯ ಹಾಳೆಯಲ್ಲಿ ಬರೆಯಲು ಏನು ಅಡ್ಡಿ?

ಮತ್ತೆ, ಗೊತ್ತಿಲ್ಲದಾಗ ಗೊತ್ತಿಲ್ಲ ಎನ್ನಿ. ನಮ್ಮ ಜನ ಅದಕ್ಕೆ ಬೇಸರ ಮಾಡುವವರಲ್ಲ. ಹಳೆಯ ಪಂಡಿತರು “ಇದು ನನ್ನ ಕೈಲಾಗೋದಲ್ಲ, ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ” ಎಂದರೆ ಅವರ ಮೇಲಿನ ಗೌರವ ಹೆಚ್ಚುತ್ತಿತ್ತೇ ಹೊರತು ಕಡಿಮೆಯಾಗುತ್ತಿರಲಿಲ್ಲ.

ವಿಡಿಯೊ ಮಾಡುವವರಿಗೆ ಒಂದೇ ಮಾತು. ‘ನೂರಕ್ಕೆ ನೂರು ಪರಿಹಾರ’ ಎಂದು ದಪ್ಪಕ್ಷರದಲ್ಲಿ ಬರೆದು, ಒಂದು ಫೋನಿನಲ್ಲಿ ಮಾಡಿದ್ದನ್ನು ಎಲ್ಲ ಫೋನಿಗೂ ಹೇಳಬೇಡಿ. ಯಾವ ಮಾಡೆಲ್, ಯಾವ ಆವೃತ್ತಿ ಎಂದು ಶುರುವಿನಲ್ಲೇ ಹೇಳಿ. ಅಳಿಸುವ ಹೆಜ್ಜೆ ಬಂದಾಗ ಮಾತು ನಿಲ್ಲಿಸಿ, ನೋಡುವವರಿಗೆ ಯೋಚಿಸಲು ಪುರುಸೊತ್ತು ಕೊಡಿ.

ಇದನ್ನೆಲ್ಲ ಕೇಳಿ “ಹಾಗಾದ್ರೆ ಅಪ್‌ಡೇಟೇ ಬೇಡ ಬಿಡಿ” ಎನ್ನುವವರು ಈಗ ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ನನಗೆ ದೊಡ್ಡ ಆತಂಕ ಇದೇ. ಬ್ಯಾಂಕಿನ ಹಣವೆಲ್ಲ ಫೋನಿನಲ್ಲಿ ಓಡಾಡುವ ಕಾಲದಲ್ಲಿ ಭದ್ರತೆಯ ತೂತು ಮುಚ್ಚದ ಫೋನು ಹಿಡಿದು ತಿರುಗುವುದು ಅಪಾಯ. ಬಂದವರಿಗೆಲ್ಲ ಅಪ್‌ಡೇಟ್ ಹಾಕಿ ಎಂದೇ ಹೇಳುತ್ತೇನೆ. ಆದರೆ ಆಶಾ ಅಕ್ಕನ ಕಥೆ ಕೇಳಿದ ಅವರ ಊರಿನವರಿಗೆ ಹಾಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಅವರ ಭಯಕ್ಕೆ ಕಾರಣ ಅಪ್‌ಡೇಟ್ ಕೆಟ್ಟದ್ದಲ್ಲ, ಕೆಟ್ಟ ಮೇಲೆ ನಡೆದದ್ದು.

ಅಂಗಡಿಯ ಗೋಡೆಗೆ ಈಗ ಒಂದು ಹಾಳೆ ಅಂಟಿಸಿದ್ದೇನೆ. ಆ ಕಪ್ಪು ಪರದೆಯಲ್ಲಿ ಬರುವ ಸಾಲುಗಳನ್ನು ಒಂದೊಂದಾಗಿ ಕನ್ನಡದಲ್ಲಿ ಬರೆದು, ಅಳಿಸುವ ಸಾಲಿನ ಪಕ್ಕ ಕೆಂಪು ಗೆರೆ ಎಳೆದಿದ್ದೇನೆ. ಅಕ್ಕನೂ ಅದರದೊಂದು ಜೆರಾಕ್ಸ್ ಒಯ್ದಿದ್ದಾರೆ, ಉಳಿದ ಆಶಾಗಳಿಗೆ ಕೊಡಲು. ನಿಮಗೆ ಇನ್ನು ಮುಂದೆ ನಮ್ಮ ಕಡೆಯಿಂದ ಕರೆ ಬಂದರೆ ಅವರು ಮೊದಲು ಒಂದು ಪ್ರಶ್ನೆ ಕೇಳುತ್ತಾರೆ, ಕೇಳಲೇಬೇಕು ಎಂದು ಹೇಳಿಕೊಟ್ಟಿದ್ದೇನೆ: “ನೀವು ಹೇಳಿದ ಹಾಗೆ ಮಾಡಿದ್ರೆ ನನ್ನ ಫೋಟೊ ಹೋಗುತ್ತಾ, ಇರುತ್ತಾ?” ಹೌದು ಅಥವಾ ಇಲ್ಲ, ಎರಡರಲ್ಲಿ ಒಂದನ್ನು ಹೇಳಿ. ಹೇಳಲು ಆಗದಿದ್ದರೆ, ಬಲ್ಲವರಿಗೆ ಕರೆ ವರ್ಗಾಯಿಸಿ. ಅವರು ಕಾಯುತ್ತಾರೆ.

ಇಂತು,
ಸಾಗರದ ಒಬ್ಬ ಡಿಟಿಪಿ ಅಂಗಡಿಯವ